ಕರೆಂಟು ಹೋದ ಮೇಲೆ ಉಳಿದ ದೆವ್ವ

ಪುಸ್ತಕ ಕೈಗೆ ಬಂದರೆ ನಾನು ಮೊದಲು ಓದುವುದು ಕೊನೆಯ ಪುಟ. ನಾಯಕಿ ಬದುಕಿದ್ದಾಳೆಂದು ಖಾತ್ರಿಯಾದ ಮೇಲೆಯೇ ಮೊದಲ ಪುಟಕ್ಕೆ ಬರುತ್ತೇನೆ. ಇದು ಓದುವ ಕ್ರಮವಲ್ಲ, ಕಾಯಿಲೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಈ ಕಾಯಿಲೆ ಅಂಟಿದ್ದು ಪುಸ್ತಕದಿಂದಲ್ಲ, ತೊಂಬತ್ತರ ದಶಕದ ದೆವ್ವದ ಧಾರಾವಾಹಿಯಿಂದ.

ಆಗ ಕಾನಸೂರಿನ ನಮ್ಮ ಮನೆಯಲ್ಲಿ ಒಂದು ಕಪ್ಪು-ಬಿಳುಪು ಟೀವಿ ಇತ್ತು. ವಾರದಲ್ಲಿ ಒಂದು ಸಂಜೆ ಬಾಹ್ಯಾಕಾಶ, ಇನ್ನೊಂದು ಸಂಜೆ ದೆವ್ವ. ಬಾಹ್ಯಾಕಾಶದವರಿಗೆ ನಾವು ಅಷ್ಟಾಗಿ ಹೆದರುತ್ತಿರಲಿಲ್ಲ. ಅವರ ನೌಕೆಯ ಒಳಗು ಥೇಟ್ ಸಿರಸಿಯ ಅಕ್ಕಿ ಗಿರಣಿಯ ಸ್ವಿಚ್ ಬೋರ್ಡು. ಅನ್ಯಗ್ರಹದ ರಾಜ ತಲೆಗೆ ಹಾಕಿಕೊಂಡಿದ್ದು ಇಡ್ಲಿ ತಟ್ಟೆಯೇ ಎಂದು ಅಜ್ಜಿ ಆಣೆ ಇಟ್ಟು ಹೇಳುತ್ತಿದ್ದಳು. ಭೂಮಿಯನ್ನೇ ಸುಟ್ಟುಬಿಡುತ್ತೇನೆಂದು ಅವನು ಅಬ್ಬರಿಸಿದರೂ ಅವಳು ನಿಶ್ಚಿಂತೆಯಿಂದ ಎಲೆಯಡಿಕೆಯ ಕವಳ ಹಾಕುತ್ತಿದ್ದಳು. ಭೂಮಿಯೇ ಸುಟ್ಟರೆ ಅದು ಊರಿಗೆಲ್ಲ ಬಂದ ಕಷ್ಟ. ದೆವ್ವ ಹಾಗಲ್ಲ, ಅದು ವಿಳಾಸ ಹುಡುಕಿಕೊಂಡು ಒಬ್ಬರ ಮನೆಗೇ ಬರುತ್ತದೆ.

ಧಾರಾವಾಹಿಯ ಭಾಷೆ ಹಿಂದಿ. ಮನೆಯಲ್ಲಿ ಹಿಂದಿ ಬಲ್ಲವಳು ನನ್ನ ಅಮ್ಮ ಒಬ್ಬಳೇ. ನಾವು ಅವಳನ್ನು ಆಯಿ ಎನ್ನುತ್ತೇವೆ. ಶಾಲೆಯಲ್ಲಿ ಅದೇ ಪಾಠ ಹೇಳುತ್ತಿದ್ದಳು. ಮನೆಗೆಲ್ಲ ಪುಕ್ಕಲಿಯೂ ಅವಳೇ. ದೆವ್ವ ಬರುವ ಸೂಚನೆ ಸಿಕ್ಕಿದ್ದೇ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ಕಿವಿಗೆ ಬಿದ್ದದ್ದನ್ನೆಲ್ಲ ಕನ್ನಡ ಮಾಡಿ ಹೇಳುತ್ತಿದ್ದಳು. ನಾವು ನೋಡುತ್ತಿದ್ದೆವು, ತಿಳಿಯುತ್ತಿರಲಿಲ್ಲ. ಅವಳಿಗೆ ತಿಳಿಯುತ್ತಿತ್ತು, ನೋಡುತ್ತಿರಲಿಲ್ಲ. ಹಾಗಿದ್ದೂ ಅವಳು ಹೇಳಿದ್ದನ್ನು ಪೂರ್ತಿ ನಂಬುತ್ತಿದ್ದೆವು. ಆಯಿಗೆ ಸುಳ್ಳು ಹೇಳಲು ಬರುತ್ತಲೇ ಇರಲಿಲ್ಲ. ಚಿಕ್ಕವಳಿದ್ದಾಗ ನನಗೆ ಕಂಡಕ್ಟರು ಅರ್ಧ ಟಿಕೆಟ್ಟು ಹರಿಯಲು ಹೊರಟರೆ, ಅವನನ್ನು ತಡೆದು ನನ್ನ ನಿಜವಾದ ವಯಸ್ಸು ಒಪ್ಪಿಸಿದವಳು ಅವಳು.

ಆ ವರ್ಷ ಅಕ್ಕ ವಾನಳ್ಳಿಯ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಹಿಂದೊಮ್ಮೆ ಬಸಿರು ನಿಲ್ಲದೆ ಹೋಗಿತ್ತು. ಹಾಗಾಗಿ ಮನೆಯವರೆಲ್ಲ ಮಾತನ್ನೂ ತೂಗಿ ಆಡುತ್ತಿದ್ದೆವು. ದೆವ್ವದ ಧಾರಾವಾಹಿ ಬೇಡವೆಂದು ಆಯಿ ಎಷ್ಟು ಹೇಳಿದರೂ, ಹೊತ್ತು ಹೋಗುವುದಿಲ್ಲವೆಂದು ಅಕ್ಕ ಕೂತೇ ಬಿಟ್ಟಳು. ಪ್ರತಿ ವಾರ ಒಂದು ಕಥೆ, ಅಂದೇ ಶುರು, ಅಂದೇ ಮುಗಿತಾಯ. ಆ ಸಂಜೆಯ ಕಥೆಯಲ್ಲಿ ದೊಡ್ಡ ಬಂಗಲೆ, ತುಂಬು ಬಸುರಿ, ಖಾಲಿ ತೊಟ್ಟಿಲು. ತೊಟ್ಟಿಲು ತನ್ನಷ್ಟಕ್ಕೇ ತೂಗಲು ಶುರುವಾಯಿತು. ಬಸುರಿ ಹತ್ತಿರ ಹೋಗಿ ಒಳಗಿನ ಬಟ್ಟೆಗೆ ಕೈ ಹಾಕಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಹೋಗುವುದು ನಮಗೆ ಹೊಸದೇನಲ್ಲ. ಆದರೆ ಅಜ್ಜಿ ಕೂತಲ್ಲಿಂದ ಏಳಲಿಲ್ಲ. ನಮ್ಮಲ್ಲಿ ಪುರಾಣ ಓದುವವರು ವಧೆಯ ಭಾಗದಲ್ಲಿ ಪುಸ್ತಕ ಮುಚ್ಚುವುದಿಲ್ಲ. ಗಂಟಲು ಕಟ್ಟಿದ್ದರೂ ಮದುವೆಯೋ ಪಟ್ಟಾಭಿಷೇಕವೋ ಬರುವ ತನಕ ಎಳೆದು, ಮಂಗಳ ಹಾಡಿ ನಿಲ್ಲಿಸುತ್ತಾರೆ. ಅಜ್ಜಿ ಆ ನಿಯಮವನ್ನು ಟೀವಿಗೂ ಹಚ್ಚಿದಳು.

"ಮಂಗಳ ಆಗ್ದೇ ಕಥೆ ನಿಲ್ಸಲಾಗ. ಬಸುರಿ ಇಪ್ಪ ಮನೆ ಇದು," ಎಂದಳು.

ಮರುದಿನದಿಂದ ಅಕ್ಕ ಊಟ ಬಿಟ್ಟಳು. ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದ ತೊಟ್ಟಿಲನ್ನು ಕಣ್ಣೆದುರಿಂದ ತೆಗೆಯಿರಿ ಎಂದಳು. ಬಟ್ಟೆಯೊಳಗೆ ಏನಿತ್ತು ಎಂಬುದೊಂದೇ ಅವಳ ಪ್ರಶ್ನೆ. ನನಗೆ ಅವಳ ಮುಖ ನೋಡಲು ಭಯವಾಗುತ್ತಿತ್ತು.

ನಾನು ದಿನಾ ಬಸ್ಸಿನಲ್ಲಿ ಸಿರಸಿಯ ಕಾಲೇಜಿಗೆ ಹೋಗುತ್ತಿದ್ದೆನಲ್ಲ, ಕಥೆಯ ಕೊನೆ ತರುವ ಕೆಲಸ ನನ್ನ ಪಾಲಿಗೆ ಬಂತು. ತರಕಾರಿ ತರುವುದು ಇದಕ್ಕಿಂತ ಸುಲಭ. ಹೆಗ್ಗರಣೆಯ ಗೆಳತಿಯ ಮನೆಯಲ್ಲಿ ಕರೆಂಟು ಇತ್ತಂತೆ, ಆದರೆ ಗಾಳಿಗೆ ಆಂಟೆನಾ ತಿರುಗಿ, ಅವಳು ನೋಡಿದ್ದು ಬರೀ ಚುಕ್ಕೆ. ಯಲ್ಲಾಪುರದ ಚಿಕ್ಕಮ್ಮನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಹೆದರಿಕೆಯ ಜಾಗ ಬಂದಾಗ ಅಡಿಗೆಮನೆಗೆ ಓಡಿದ್ದಳಂತೆ, ವಾಪಸು ಬಂದಾಗ ಸೋಪಿನ ಜಾಹೀರಾತು. ಬೂತಿನ ಹೊರಗೆ ಕಾಯುತ್ತಿದ್ದವರು, ತೊಟ್ಟಿಲಿನಲ್ಲಿ ಏನಿತ್ತು ಎಂದು ನಾನು ಕೂಗಿ ಕೇಳುವುದನ್ನು ಕೇಳಿ ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಪೂರ್ತಿ ನೋಡಿದವಳು ಸಿಕ್ಕಿದ್ದು ನನ್ನ ಬೆಂಚಿನಲ್ಲೇ. ಅವಳು ಬಲು ಉತ್ಸಾಹದಿಂದ ಹೇಳಿದಳು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಕಾನಸೂರಿನಲ್ಲಿ ಬಸ್ಸಿಳಿದು ಮನೆಗೆ ಬಂದವಳೇ ಆಯಿಯನ್ನು ಹಿತ್ತಿಲಿಗೆ ಕರೆದು ಹೇಳಿದೆ. ಅವಳು ಕೈ ತೊಳೆದುಕೊಂಡು ಒಳಗೆ ಹೋಗಿ ಅಕ್ಕನ ಎದುರು ಕೂತಳು. ಕಥೆಯ ಕೊನೆ ಸಿಕ್ಕಿತೆಂದಳು. ಕಣ್ಣು ಮುಚ್ಚಿಕೊಂಡೇ ಹೇಳಿದಳು. ಅದು ದೆವ್ವವಲ್ಲ, ಆ ಮನೆಯ ತೀರಿಹೋದ ಅಜ್ಜಿ. ಮರಿಮಗುವಿನ ತೊಟ್ಟಿಲು ಗಟ್ಟಿ ಇದೆಯೋ ಇಲ್ಲವೋ ಎಂದು ತೂಗಿ ನೋಡಲು ಬಂದಿದ್ದಳು. ಬಟ್ಟೆಯೊಳಗೆ ಇದ್ದದ್ದು ಅವಳು ಹೊಲಿದಿಟ್ಟ ಕುಲಾವಿ. ಹೆರಿಗೆ ಸುಸೂತ್ರ, ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ. ನಮ್ಮ ಅಜ್ಜಿ ಕೂಡಲೇ ಮಂಗಳ ಹಾಡಿದಳು. ಅಕ್ಕ ಆ ರಾತ್ರಿ ಎರಡನೇ ಸಲ ಅನ್ನ ಬಡಿಸಿಕೊಂಡಳು.

ಅಲ್ಲಿಂದ ಮುಂದೆ ಊಟ ಬಿಟ್ಟವಳು ಆಯಿ. ಅಕ್ಕನ ಹೆದರಿಕೆ ಮನೆ ಬಿಟ್ಟು ಹೋಗಿರಲಿಲ್ಲ, ಪಕ್ಕದ ಕೋಣೆಗೆ ಬಂದಿತ್ತು ಅಷ್ಟೇ.

"ಈ ಸುಳ್ಳಿನ ಪಾಪ ಅದ್ರ ಮೇಲೆ ಬಂದ್ರೆ ಎಂತ ಮಾಡದು?" ಎಂದು ಅಕ್ಕನ ಕೋಣೆಯ ಕಡೆ ನೋಡುತ್ತ ನನ್ನೊಬ್ಬಳ ಹತ್ತಿರ ಕೇಳುತ್ತಿದ್ದಳು. ಧೈರ್ಯ ಹೇಳಲು ನನ್ನಲ್ಲಿ ಧೈರ್ಯ ಇದ್ದರಲ್ಲವೇ?

ನೋವು ಶುರುವಾಗಿ ಅಕ್ಕನನ್ನು ಸಿರಸಿಯ ಆಸ್ಪತ್ರೆಗೆ ಕರೆದೊಯ್ದ ದಿನ, ಹೊರಗಿನ ಬೆಂಚಿನಲ್ಲಿ ನಾವಿಬ್ಬರೇ ಕೂತಿದ್ದೆವು. ಮನೆಯವರಲ್ಲಿ ಆ ಕಥೆಯ ನಿಜವಾದ ಕೊನೆ ಗೊತ್ತಿದ್ದವರೂ ನಾವಿಬ್ಬರೇ. ಆಯಿ ನನ್ನ ಕೈ ಹಿಡಿದದ್ದು ಬಿಡಲಿಲ್ಲ. ಒಳಗಿನಿಂದ ಏನು ಸದ್ದು ಬಂದರೂ ಅವಳ ಬೆರಳು ಇನ್ನಷ್ಟು ಬಿಗಿಯಾಗುತ್ತಿತ್ತು. ಮಧ್ಯಾಹ್ನ ದಾಟಿದ ಮೇಲೆ ನರ್ಸು ಬಂದು, ಹೆಣ್ಣು ಮಗು, ಇಬ್ಬರೂ ಆರಾಮ ಎಂದಳು. ನನಗೆ ಅಳು ಬಂತು. ಆಯಿ ಕೈ ಬಿಟ್ಟು, ಸೀರೆ ಸರಿಮಾಡಿಕೊಂಡು, ಎಷ್ಟೋ ದಿನದ ಮೇಲೆ ಮೇಷ್ಟ್ರಮ್ಮನ ದನಿಯಲ್ಲಿ ಹೇಳಿದಳು:

"ಆನು ಹೇಳಿದ್ದು ಸುಳ್ಳಲ್ಲ, ನೋಡು. ಸ್ವಲ್ಪ ಮೊದ್ಲೇ ಹೇಳಿದ್ದೆ, ಅಷ್ಟೇಯ."