ಟವೆಲ್ಲಿನಡಿಯ ಕಮಿಷನ್

ಹೂಡಿಕೆ ಟ್ರಸ್ಟಿನ ಷೇರು ಕೊಂಡು ಇಪ್ಪತ್ತು ವರ್ಷ ಮುಟ್ಟಬಾರದೆಂದು ಅಪ್ಪನ ಹಟ. ಅದಕ್ಕೆ ಕಮ್ಮಿ ಕಮಿಷನ್ನಿನ ಬ್ರೋಕರನನ್ನು ಹುಡುಕುತ್ತ ಕೊಳ್ಳೇಗಾಲದಿಂದ ಮೈಸೂರಿಗೆ ಮೂರು ಸಲ ನನ್ನನ್ನು ಬಸ್ಸಿನಲ್ಲಿ ಎಳೆದೊಯ್ದರು. ಎಲ್ಲರ ಗೋಡೆಯ ಮೇಲೂ ಒಂದೇ ದರ ಬರೆದಿತ್ತು. ದನದ ಸಂತೆಯಲ್ಲಿ ಪಳಗಿದ ಅಪ್ಪ ಬರೆದ ದರವನ್ನು ನಂಬುವವರಲ್ಲ. ಸಂತೆಯಲ್ಲಿ ಗುಟ್ಟಾಗಿ ಬೆಲೆ ಕುದುರಿಸುವಂತೆ ಮೂರನೆಯ ಬ್ರೋಕರನ ಕೈಮೇಲೆ ಟವೆಲ್ ಹೊದಿಸಿ, ಬಾಯಿ ಬಿಡದೆ ಒಳಗೆ ಅವನ ಬೆರಳು ಹಿಡಿದೇ ಅರ್ಧ ಕಮಿಷನ್ನಿಗೆ ಕೇಳಿದರು. ಅವನು ನಗುತ್ತ ಕೈಕುಲುಕಿದ.

“ಒಪ್ಕಂಡ ಕಣ್ಲಾ!” ಎಂದರು ಅಪ್ಪ.

ಬಿಲ್ಲಿನಲ್ಲಿ ಪೂರ್ತಿ ಕಮಿಷನ್ನೇ ಬಂತು. “ಗುಮಾಸ್ತ ತಪ್ಪು ಬರ್ದವ್ನೆ. ಬೆರಳು ಕೊಟ್ಟೋನು ಮಾತು ತಪ್ಪಕಿಲ್ಲ,” ಎಂದು ಅಪ್ಪ ಬ್ರೋಕರನನ್ನೇ ನೆಚ್ಚಿಕೊಂಡರು.

ಟವೆಲ್ಲಿನ ವ್ಯಾಪಾರ ಅವನಿಗೆ ತಿಳಿಯದೆಂದು ನನಗೆ ಅಂದೇ ಗೊತ್ತಾಗಿತ್ತು. ಹೇಳಿದ್ದರೆ ನಾಲ್ಕನೆಯ ಬ್ರೋಕರ್, ಮತ್ತೆ ಅದೇ ಬಸ್ಸು.