ಅನುಮಾನದಕ್ಕನ ಮೂವತ್ತೆಂಟು ‘ಇಫ್’ಗಳು

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಅನುಮಾನದಕ್ಕ. ಬೀಗ ಹಾಕಿದ ಮೇಲೂ ಮೂರು ಸಲ ಜಗ್ಗಿ ನೋಡುವ ಹೆಂಗಸು. ಪಾರ್ಸೆಲ್ ಗೋದಾಮಿನ ಹಿಂದಿನ ಕೋಣೆಯಲ್ಲಿ, ಅಲ್ಲಾಡುವ ಮೇಜಿನ ಕಾಲಿಗೆ ರಟ್ಟು ಮಡಚಿಟ್ಟು, ಕಂಪ್ಯೂಟರಿಗೆ ಕೋಡ್ ಬರೆಯುವುದು ಅವಳ ಕೆಲಸ. ಬಂದ ಪಾರ್ಸೆಲ್ ಯಾವ ಕಪಾಟಿಗೆ ಹೋಗಬೇಕು ಅಂತ ಹೇಳುವುದು ಆ ಕೋಡೇ.

ಹನ್ನೊಂದು ವರ್ಷದ ಹಿಂದೆ ಅವಳೇ ಬರೆದದ್ದು. ಬಾಗಿಲಲ್ಲಿ ಕೂತ ಮುದುಕಿಯ ಹಾಗೆ ಒಂದೊಂದನ್ನೂ ವಿಚಾರಿಸುತ್ತಿತ್ತು. ನೀನು ಕಾಗದವಾ? ಅಲ್ಲವಾ, ಹಾಗಾದರೆ ಪೆಟ್ಟಿಗೆಯಾ? ತೂಕ ಇದೆಯಾ? ತಂಪಿನಲ್ಲಿಡಬೇಕಾ? ಹೀಗೆ ಮೂವತ್ತೆಂಟು ‘ಇಫ್’, ಅಂದರೆ ‘ಹೀಗಿದ್ದರೆ ಹಾಗೆ ಮಾಡು’ ಅನ್ನುವ ಸಾಲು.

ಹೊಸದಾಗಿ ಸೇರಿದ ಕನ್ನಡಕದವನು ಅದನ್ನು ಆರು ಸಾಲಿಗೆ ಇಳಿಸಿಬಿಟ್ಟ.

“ಇಷ್ಟೆಲ್ಲ ಕೇಳೋದು ಬೇಡ ಅಕ್ಕಾ. ‘ಮ್ಯಾಚ್’ ಅಂತ ಕೋಡಲ್ಲಿ ಹೊಸದೊಂದು ಬಂದಿದೆ. ಪಾರ್ಸೆಲ್ ವಿವರದಲ್ಲಿ ಏನೇನು ಬರೆದಿದೆ ಅಂತ ನೋಡೇ ಗುರುತು ಹಿಡಿಯುತ್ತೆ, ಒಳಗಿನ ತೂಕ, ವಿಳಾಸ ಎಲ್ಲ ಆಗಲೇ ಬಿಡಿಸಿ ಕೈಗೆ ಕೊಡುತ್ತೆ. ಸೋಮವಾರದಿಂದ ಇದೇ,” ಅಂತ ಚಹಾ ಬೇರೆ ತಂದಿಟ್ಟ.

ಅವಳ ಕಿವಿ ನೆಟ್ಟಗಾಯಿತು. ಮೂವತ್ತೆಂಟೂ ಹೋದ ಮೇಲೆ ಬರೆದವಳು ಯಾಕಿರಬೇಕು? ನನ್ನ ಬುಡಕ್ಕೇ ಕೊಡಲಿ ಇಡುತ್ತಿದ್ದಾನೆ ಅಂದುಕೊಂಡು ಚಹಾ ಸಿಂಕಿಗೆ ಸುರಿದಳು.

ಮನೆಯಲ್ಲಿ ಗಂಡ ನಕ್ಕ. “ನೀನು ಯಾರನ್ನ ನಂಬಿದ್ದೀಯಾ ಮಾರಾಯ್ತಿ? ಹೆಣ್ಣು ನೋಡೋಕೆ ಬಂದ ನನ್ನ ಹತ್ರಾನೇ ಮಾರ್ಕ್ಸ್ ಕಾರ್ಡ್ ಕೇಳಿದವಳು!”

“ಫೇಲಾಗಿದ್ದಿರಲ್ಲ, ಸಿಕ್ಕಿಬಿದ್ದಿರಲ್ಲ?”

ಶನಿವಾರ ಎಲ್ಲರಿಗಿಂತ ಮುಂಚೆ ಬಂದು, ಹಳೇ ಪಾರ್ಸೆಲ್‌ಗಳ ವಿವರವನ್ನು ಒಂದೊಂದಾಗಿ ಅವನ ಕೋಡಿಗೆ ಕೊಟ್ಟಳು. ಕಾಗದ ಸರಿ. ಉರುಳೆಯಂಥ ಕಟ್ಟು ಸರಿ. ತಂಪಿನಲ್ಲಿಡುವ ಔಷಧಿ ಪೆಟ್ಟಿಗೆ? ಮಾಮೂಲಿ ಕಪಾಟು. ಅದು ಇರುವುದೋ ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಯ ಪಕ್ಕ!

ಅವನು ಬಂದದ್ದೇ ತಡ, ಕುರ್ಚಿಗೆ ಎಳೆದು ಕೂರಿಸಿದಳು.

“ನೋಡು. ತೂಕ, ವಿಳಾಸ ಇದ್ದರೆ ಮಾಮೂಲಿ ಪೆಟ್ಟಿಗೆ ಅಂತ ಮೇಲೆ ಬರೆದಿದ್ದೀಯ. ಔಷಧಿ ಪೆಟ್ಟಿಗೆಗೂ ಅವೆರಡೂ ಇವೆ, ಜೊತೆಗೆ ತಂಪು ಅಂತ ಇನ್ನೊಂದಿದೆ. ಹೆಚ್ಚಿಗೆ ಇದ್ದರೆ ನಿನ್ನ ಮ್ಯಾಚ್ ಬೇಡ ಅನ್ನಲ್ಲ. ಮೊದಲು ಹೊಂದಿದ ಕಡೆಗೇ ಕಳಿಸಿಬಿಡುತ್ತೆ. ಕೆಳಗಿರೋ ತಂಪಿನ ಸಾಲಿಗೆ ಬರೋರು ಯಾರು? ಬೇಕಂತಲೇ ಮಾಡಿದೆಯಾ?”

“ಅಯ್ಯೋ ಅಕ್ಕಾ! ನಮ್ಮಮ್ಮನ ಔಷಧಿ ಇಲ್ಲಿಂದಲೇ ಬರೋದು.”

ಇದೂ ನಾಟಕವೋ ಏನೋ ಅಂತ ಅವನ ಮುಖ ನೋಡಿದಳು. ಅವನು ಆಗಲೇ ಔಷಧಿ ಪೆಟ್ಟಿಗೆಗಳ ಪಟ್ಟಿ ತೆಗೆದು ಅಮ್ಮನ ಹೆಸರು ಹುಡುಕುತ್ತಿದ್ದ.

ತಂಪಿನ ಸಾಲನ್ನು ಎತ್ತಿ ಮೇಲೆ ಹಾಕಿದಳು. ಯಾವುದಕ್ಕೂ ಹೊಂದದ್ದು ಬಂದರೆ ತಡೆದಿಡು, ಮನುಷ್ಯರನ್ನು ಕರಿ ಅಂತ ಕೊನೆಗೊಂದು ಸಾಲನ್ನೂ ಸೇರಿಸಿದಳು. ಅವನು ತಾನೇ ಹೋಗಿ ಮ್ಯಾನೇಜರಿಗೆ ತಪ್ಪೊಪ್ಪಿಕೊಂಡ. “ಇನ್ನು ಮೇಲೆ ಅಕ್ಕ ನೋಡದೆ ನನ್ನ ಒಂದು ಸಾಲೂ ಹೋಗಬಾರದು ಸಾರ್” ಅಂದ. ಹಾಗೆ ನೋಡುವುದನ್ನೇ ಮ್ಯಾನೇಜರು ಅವಳ ಹೊಸ ಕೆಲಸವಾಗಿಸಿದರು.

ಸೋಮವಾರ ಆ ಮೂವತ್ತೆಂಟನ್ನೂ ತನ್ನ ಕೈಯಾರೆ ಅಳಿಸಿದಳು. ಒಂದು ಪ್ರತಿ ಮಾತ್ರ ಮನೆಯ ಬೀರುವಿನಲ್ಲಿದೆ. ಅವನು ತಂದ ಚಹಾವನ್ನೂ ಅವತ್ತು ಕುಡಿದಳು, ಮೊದಲ ಗುಟುಕು ಅವನಿಗೇ ಕುಡಿಸಿ.