ಹುರುಳಿ ಹಾಸಿದ ತಿರುವು

ಟೈಲರಕ್ಕನ ಬಲ ಅಂಗೈಯಲ್ಲಿ ಎಳ್ಳುಕಾಳಿನಷ್ಟು ಸಣ್ಣ ಕಪ್ಪು ಚುಕ್ಕೆಗಳಿದ್ದವು. ಮಚ್ಚೆಗಳಲ್ಲ, ಚರ್ಮದೊಳಗೇ ಉಳಿದುಹೋದ ಡಾಂಬರು ರಸ್ತೆಯ ಜಲ್ಲಿಪುಡಿ. ಅರಕಲಗೂಡಿನ ಕಡೆಯಿಂದ ಮದುವೆಯಾಗಿ ನಮ್ಮೂರಿಗೆ ಬಂದ ಹೊಸದರಲ್ಲಿ ಸೈಕಲ್ಲಿನಿಂದ ಬಿದ್ದು ಕೈಯೂರಿದಾಗ ಹೊಕ್ಕಿದ್ದಂತೆ. ಆಸ್ಪತ್ರೆಯಲ್ಲಿ ತೊಳೆದು ಪಟ್ಟಿ ಕಟ್ಟಿದರೂ ಅಷ್ಟು ಒಳಗೇ ನಿಂತುಬಿಟ್ಟಿತ್ತು. ಯಾರಾದರೂ ಕೇಳಿದರೆ ಅಂಗೈ ಮುಂದೆ ಚಾಚಿ, “ನೋಡ್ಕಳಿ, ಈ ರೋಡಲ್ಲಿ ನಂಗೂ ವಸಿ ಪಾಲೈತೆ” ಅನ್ನುತ್ತಿದ್ದಳು.

ನಮ್ಮೂರು ದುದ್ದದ ಕಡೆ. ಅಕ್ಕ ನಮ್ಮ ಪಕ್ಕದ ಮನೆಯ ಸೊಸೆ. ಹಾಸನದ ಹೊರಗಿರುವ ಒಂದು ಗಾರ್ಮೆಂಟ್ಸಿನಲ್ಲಿ ಬಟ್ಟೆ ಹೊಲಿಯುವ ಕೆಲಸ, ಹಾಗಾಗಿ ಊರಿಗೆಲ್ಲ ಟೈಲರಕ್ಕ. ಪಿಯುಸಿ ಮುಗಿಸಿದ ಮೇಲೆ ನನಗೂ ಅಲ್ಲೇ ಕೆಲಸ ಸಿಕ್ಕಿತು. ಸಿಕ್ಕಿತು ಅಂತ ಕುಣಿದದ್ದೇ ಬಂತು, ಹೋಗುವುದು ಹೇಗೆ? ಬೆಳಗಿನ ಬಸ್ಸು ದುದ್ದದಲ್ಲೇ ತುಂಬಿ, ಬಾಗಿಲಿಗೆ ಜನ ನೇತುಬಿದ್ದುಕೊಂಡು ಬರುತ್ತಿತ್ತು. ನಮ್ಮೂರ ದಾರಿ ಡಾಂಬರಿಗೆ ಸೇರುವ ಕಡೆ ಕೈ ಅಡ್ಡ ಹಾಕಿ ನಿಂತರೆ ಡ್ರೈವರು ಕೈ ಅಲ್ಲಾಡಿಸಿ ಹೋಗಿಯೇಬಿಡುತ್ತಿದ್ದ. ಮುಂದಿನ ಬಸ್ಸಿಗೆ ಕಾದರೆ ಫ್ಯಾಕ್ಟರಿಯ ಬಾಗಿಲು ಹಾಕಿರುತ್ತಿತ್ತು. ಉಳಿದದ್ದು ಹೈಸ್ಕೂಲಿನಲ್ಲಿ ಕೊಟ್ಟಿದ್ದ ನನ್ನ ಹಳೇ ಸೈಕಲ್ಲೊಂದೇ.

ಅಪ್ಪ ಒಪ್ಪಲಿಲ್ಲ. “ಆ ರೋಡಲ್ಲಿ ಎಣ್ ಮಗ ಸೈಕಲ್ ತುಳ್ಕಂಡ್ ಓದ್ರೆ ಜೀವ ಉಳೀತದಾ? ಬ್ಯಾಡ, ಮನೇಲಿರ್ಲಿ” ಅಂದ. ಮನೇಲಿರುವುದು ಅಂದರೆ ಏನು ಅಂತ ನನಗೆ ಗೊತ್ತಿತ್ತು. ಮುಂದಿನ ಯುಗಾದಿಯೊಳಗೆ ಗಂಡಿನ ಕಡೆಯವರು ಬಂದು ಕಾಫಿ ಕುಡಿದು ಹೋಗುತ್ತಿದ್ದರು. ನಾನು ಅಡುಗೆಮನೆಯಲ್ಲಿ ಮುಸುಮುಸು ಅಳುತ್ತಿದ್ದಾಗ ಅಕ್ಕ ಜಗಲಿಗೆ ಬಂದು ನಿಂತಳು. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ಸೆರಗು ಸೊಂಟಕ್ಕೆ.

“ನನ್ ಜೊತೆ ಕಳ್ಸಣ್ಣ. ಮುಂದೆ ಅವ್ಳು, ಇಂದೆ ನಾನು. ಏನೇ ಬಂದ್ರೂ ಮೊದ್ಲು ನಂಗೇ ಗುದ್ಬೇಕು.”

ಅಪ್ಪನಿಗೆ ಅವಳ ಮಾತು ತೆಗೆದುಹಾಕುವ ಧೈರ್ಯ ಇರಲಿಲ್ಲ. ಅವಳ ಬಾಯಿಗೆ ಊರಲ್ಲಿ ಹೆದರದವರೇ ಇರಲಿಲ್ಲ ಅನ್ನಿ. ಆದರೂ ಒಂದು ಮಾತು ಸೇರಿಸಿದ: “ಒಂದ್ಸಲ ಬಿದ್ಲು ಅಂದ್ರೆ ಅವತ್ತೇ ಕೊನೆ.” ಆ ಮಾತು ಹೊತ್ತುಕೊಂಡೇ ನಾನು ಮೊದಲ ದಿನ ಪೆಡಲ್ ತುಳಿದೆ.

ನಾನು ಮತ್ತು ಪಕ್ಕದೂರಿನ ಇಬ್ಬರು ಹುಡುಗಿಯರು ಮುಂದೆ, ಸಾಲಾಗಿ. ಅಕ್ಕ ಕೊನೆಗೆ, ನಮಗಿಂತ ಒಂದು ಮೊಳ ಬಲಕ್ಕೆ, ಗಂಡಸರ ಸೈಕಲ್ಲಿನ ಮೇಲೆ. ನಮ್ಮ ಬ್ಯಾಗುಗಳ ಬೆನ್ನಿಗೆಲ್ಲ ರೇಡಿಯಂ ಪಟ್ಟಿ ಹೊಲಿದುಕೊಟ್ಟಿದ್ದಳು. ಅವಳಿಗೆ ಬೆಲ್ಲಿನ ಮೇಲೆ ನಂಬಿಕೆ ಇರಲಿಲ್ಲ. ಎಲ್ಲವೂ ಗಂಟಲಲ್ಲೇ. “ಗುಂಡೀ!” “ಬಸ್ಸೂ!” “ಅಂಚು ಅಂಚು ಅಂಚು!” ಈ ಅಂಚು ಬಹಳ ಕೆಟ್ಟದ್ದು. ರಸ್ತೆಗೆ ಡಾಂಬರು ಮೇಲೆ ಡಾಂಬರು ಹಾಕುತ್ತ ಹೋಗಿ ಅದರ ಅಂಚು ಪಕ್ಕದ ಮಣ್ಣಿಗಿಂತ ಗೇಣೆತ್ತರ ನಿಂತಿತ್ತು. ಹಿಂದಿನಿಂದ ಲಾರಿ ಒತ್ತಿಕೊಂಡು ಬಂದರೆ ಕೆಳಗಿಳಿಯಲೇಬೇಕು. ಇಳಿದರೆ ಹತ್ತುವಾಗ ಚಕ್ರ ಆ ಅಂಚಿಗೆ ಒರಸಿಕೊಂಡು ಸೈಕಲ್ಲು ನೇರ ರಸ್ತೆಯ ಮಧ್ಯಕ್ಕೇ ಬೀಳುತ್ತದೆ. ಚನ್ನರಾಯಪಟ್ಟಣದ ಕಡೆಯಿಂದ ಕಾಯಿ ತುಂಬಿಕೊಂಡು ಬರುವ ಲಾರಿಯ ಗಾಳಿಗೇ ನಾನು ಅಲ್ಲಾಡಿಹೋಗುತ್ತಿದ್ದೆ. ಬೆನ್ನ ಹಿಂದೆ ಏನು ಬರುತ್ತಿದೆಯೋ ಅನ್ನುವ ಭಯಕ್ಕೆ ಪದೇ ಪದೇ ತಿರುಗುತ್ತಿದ್ದೆ, ತಿರುಗಿದಾಗಲೆಲ್ಲ ಹ್ಯಾಂಡಲ್ಲೂ ತಿರುಗುತ್ತಿತ್ತು. ಅಕ್ಕ ಉಗಿಯುತ್ತಿದ್ದಳು.

“ಲೇ, ಇಂದೆ ನೋಡ್ಬ್ಯಾಡ ಕಣೆ! ಮುಂದ್ಲುದು ನಿಂದು, ಇಂದ್ಲುದು ನಂದು.”

ಒಂದೊಂದು ತುಂಡು ರಸ್ತೆಗೂ ಅವಳು ಫ್ಯಾಕ್ಟರಿಯ ಭಾಷೆಯಲ್ಲಿ ಮಾರ್ಕು ಹಾಕುತ್ತಿದ್ದಳು. ಪಾಸ್, ಬಿಚ್ಚಿ ಹೊಲಿಯಬೇಕಾದ್ದಕ್ಕೆ ಆಲ್ಟರ್, ಎಸೆಯಬೇಕಾದ್ದಕ್ಕೆ ರಿಜೆಕ್ಟ್. ಗುಂಡಿ ಮುಚ್ಚಿದ ತೇಪೆ ರಸ್ತೆಗಿಂತ ಮೇಲೆದ್ದಿದ್ದರೆ, “ನಾವು ಇಂಗೆ ತೇಪೆ ಹಾಕಿದ್ರೆ ಸೂಪರ್‌ವೈಸರು ಮಕಕ್ಕೆ ಎಸೀತಿದ್ದ” ಅಂತ ಗೊಣಗುವಳು. ಹಾಸನದೊಳಗೆ ಒಂದು ರಸ್ತೆಯ ಪಕ್ಕ ಹಸಿರು ಪಟ್ಟೆ ಎಳೆದು ಸೈಕಲ್ಲಿನ ಚಿತ್ರ ಬರೆದಿದ್ದರು. ಸಂಬಳದ ದಿನ ಪೇಟೆಗೆ ಹೋದಾಗ ಅದನ್ನು ತೋರಿಸಿದೆ. ಚಿತ್ರದ ಮೇಲೆ ಒಂದು ಕಾರು, ಅದರ ಹಿಂದೆ ಪಾನಿಪುರಿ ಗಾಡಿ. ಅಕ್ಕ ಸೈಕಲ್ಲಿನಿಂದ ಇಳಿದು ಕಾರಿನ ಕೆಳಗೆ ಬಗ್ಗಿ ನೋಡಿ, “ಪಾಪ, ಸೈಕಲ್ ಒಳೀಕ್ ಸಿಕ್ಕಾಕಂಡದೆ” ಅಂದಳು. ಪಾನಿಪುರಿಯವನೂ ನಕ್ಕ.

ಮಳೆಗಾಲ ಹೇಗೋ ಕಳೆಯಿತು. ನಾನು ಬೀಳಲಿಲ್ಲ. ನಿಜವಾದ ಹೆದರಿಕೆ ಶುರುವಾಗಿದ್ದು ಕೊಯ್ಲು ಮುಗಿದ ಮೇಲೆ.

ನಮ್ಮ ಕಡೆ ರಾಗಿ, ಹುರುಳಿಯನ್ನು ರಸ್ತೆಗೆ ಹಾಸುವುದು ನೋಡಿದವರಿಗೆ ಗೊತ್ತು. ಕಣ ಮಾಡುವ ತಾಪತ್ರಯವಿಲ್ಲ, ಬಸ್ಸು ಲಾರಿಗಳೇ ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಹಾಸಿದ್ದು ಚೆದುರದಿರಲಿ ಅಂತ ಸುತ್ತ ಕಲ್ಲು ಇಡುತ್ತಾರೆ. ಸಂಜೆ ಕಾಳು ತುಂಬಿಕೊಂಡು ಹೋಗುತ್ತಾರೆ, ಕಲ್ಲು ಮರೆಯುತ್ತಾರೆ. ಬೈಕು, ಸೈಕಲ್ಲಿನವರಿಗೆ ರಾಗಿಹುಲ್ಲು ಜಾರುತ್ತದೆ, ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಕಲ್ಲು ಬೀಳಿಸುತ್ತದೆ. ಆ ದಿನಗಳಲ್ಲಿ ಅಕ್ಕ ಕ್ಯಾರಿಯರಿಗೆ ಒಂದು ಮೋಟು ಪೊರಕೆ ಕಟ್ಟಿಕೊಂಡು ಬರುತ್ತಿದ್ದಳು. ಕಲ್ಲು ಕಂಡಲ್ಲಿ ಇಳಿದು, ಎತ್ತಿ ಚರಂಡಿಗೆ ಎಸೆದು, ಅಂಚು ಗುಡಿಸಿ ಮತ್ತೆ ಹತ್ತುವಳು. ಇಟ್ಟವರ ವಂಶವನ್ನೆಲ್ಲ ನೆನೆಯುತ್ತ.

ಅವತ್ತು ಮಂಜು ಎಷ್ಟಿತ್ತೆಂದರೆ ನನ್ನ ಮುಂದಿನ ಹುಡುಗಿಯ ರೇಡಿಯಂ ಪಟ್ಟಿಯೂ ಮಸುಕಾಗಿತ್ತು. ಹುಣಸೆಮರದ ತಿರುವಿಗೆ ಬಂದಾಗ ಚಕ್ರದ ಕೆಳಗೆ ಚರಚರ ಅನ್ನತೊಡಗಿತು. ಹುರುಳಿ! ಮುಂದಿನಿಬ್ಬರು ಅದರ ಮೇಲೇ ಹೇಗೋ ದಾಟಿಹೋಗಿದ್ದರು. ಎಡಕ್ಕೆ ಒಂದು ಸೈಕಲ್ ಹಿಡಿಯುವಷ್ಟು ಜಾಗ ಬಿಟ್ಟಿದ್ದದ್ದು ಕಂಡು ಅತ್ತ ಎಳೆದೆ. ಮುಂದಿನ ಚಕ್ರ ಯಾವುದಕ್ಕೋ ಡಿಕ್ಕಿ ಹೊಡೆಯಿತು. ನಾನು ಬಲಕ್ಕೆ, ಹುರುಳಿಯ ಮೇಲೆ ಬಿದ್ದೆ, ಸೈಕಲ್ಲು ನನ್ನ ಮೇಲೆ. ಕಾಲು ಎಳೆದುಕೊಳ್ಳಲು ನೋಡಿದರೆ ಬಳ್ಳಿ, ಚೈನು, ಚೂಡಿದಾರದ ಕಾಲು ಮೂರೂ ಒಂದಾಗಿದ್ದವು. ಹಿಂದಿನಿಂದ ಲಾರಿಯ ಸದ್ದು. ಮಂಜಿನಲ್ಲಿ ದೀಪ ಕಾಣುವುದಿಲ್ಲ, ಹಳದಿ ಮಬ್ಬು ದೊಡ್ಡದಾಗುತ್ತ ಬರುತ್ತದೆ ಅಷ್ಟೇ.

ಅಕ್ಕ ಕೂಗುತ್ತಿದ್ದಳು. ಆದರೆ ನನ್ನ ಹತ್ತಿರ ಬರಲಿಲ್ಲ. ಸೈಕಲ್ಲನ್ನು ರಸ್ತೆಗೆ ಅಡ್ಡ ಕೆಡವಿ, ಸೀರೆಯ ಮೇಲಿನ ಅಂಗಿ ಬಿಚ್ಚಿ ಬೀಸುತ್ತ ಆ ಹಳದಿ ಮಬ್ಬಿನ ಕಡೆಗೇ ಓಡಿದಳು. ಬ್ರೇಕಿನ ಕಿರ್ರೆನ್ನುವ ಸದ್ದು, ಹುರುಳಿಯ ಮೇಲೆ ಟೈರು ಜಾರುವ ಸದ್ದು, ಆಮೇಲೆ ಏನೂ ಇಲ್ಲ. ಸತ್ತೇಹೋದೆ ಅಂದುಕೊಂಡೆ. ಕಣ್ಣು ಬಿಟ್ಟರೆ ಲಾರಿ ಅಕ್ಕನ ಸೈಕಲ್ಲಿಗೆ ಮುತ್ತಿಡುವಷ್ಟು ಹತ್ತಿರ ನಿಂತಿತ್ತು. ಡ್ರೈವರು ಇಳಿದು ಅಕ್ಕನಿಗೇ ಬೈಯುತ್ತಿದ್ದ.

ಆಗ ಬದುವಿನ ಕಡೆಯಿಂದ ಹುರುಳಿ ಮಗುಚುವ ಕವೆಗೋಲು ಹಿಡಿದು ಓಡಿಬಂದವನು ನನ್ನಪ್ಪ. ಆ ಹುರುಳಿ ನಮ್ಮದು. ನಾನು ಏಳುವ ಮೊದಲೇ ಹೊಲಕ್ಕೆ ಹೋದವನು ತಿರುವಿನಲ್ಲಿ ಹಾಸಿದ್ದ. ಅಲ್ಲಿ ಗಾಡಿಗಳು ನಿಧಾನವಾಗಿ ತಿರುಗುವುದರಿಂದ ಕಾಳು ಚೆನ್ನಾಗಿ ಬಿಡುತ್ತದೆ ಅಂತ.

“ಅಯ್ಯೋ ನನ್ನವ್ವಾ, ನಿಂಗೇ ಅಂತ ಎಡಕ್ಕೆ ದಾರಿ ಬುಟ್ಟಿದ್ನಲ್ಲವ್ವಾ!” ಅಂತ ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕುಸಿದ.

“ದಾರಿ ಬುಟ್ಟು ಅದ್ರ ಬಾಯ್ಗೆ ಕಲ್ಲಿಕ್ಕಿದ್ದೀಯಲ್ಲಣ್ಣ” ಅಂದಳು ಅಕ್ಕ. ಅವಳ ದನಿ ಅಷ್ಟು ತಣ್ಣಗಿದ್ದದ್ದನ್ನು ನಾನು ಕೇಳಿರಲಿಲ್ಲ.

“ಲಾರಿ ಅತ್ಲಾಗ್ ಬರ್ದಿರ್ಲಿ ಅಂತ ಇಟ್ಟೆ ಕಣವ್ವಾ. ಮಗ ಓಯ್ತಾಳೆ ಅಂತ.”

“ಲಾರಿಗೆ ಅದು ಬೆಣಚುಕಲ್ಲಿನ ಚೂರು. ಇವ್ಳಿಗೆ ಗೋಡೆ. ನೀನು ಉರುಳಿ ಒಕ್ತಿದ್ದೀಯೋ, ಮಗಳ್ನ ಒಕ್ತಿದ್ದೀಯೋ?”

ಅಪ್ಪ ತಲೆ ಎತ್ತದೆಯೇ, “ನಾಳಿಂದ ಬ್ಯಾಡ ಕಣವ್ವಾ, ಮನೇಲಿರ್ಲಿ” ಅಂದ. ಒಂದ್ಸಲ ಬಿದ್ದರೆ ಕೊನೆ ಅಂದಿದ್ದನಲ್ಲ. ಅಕ್ಕ ನನ್ನ ಕಾಲಿನ ಬಳ್ಳಿಯನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದವಳು, ಹಾಗೇ ತಲೆಯೆತ್ತಿದಳು.

“ಮನೇಲಿರ್ಬೇಕಾದ್ದು ಉರುಳಿ. ಇವ್ಳಲ್ಲ.”

ಆಮೇಲೆ ನನ್ನ ಕಡೆ ತಿರುಗಿ, “ಹತ್ತು. ಇವತ್ತು ಹತ್ನಿಲ್ಲ ಅಂದ್ರೆ ಇನ್ಯಾವತ್ತೂ ಹತ್ತಲ್ಲ ನೀನು” ಅಂದಳು. ಮಂಡಿಯಿಂದ ರಕ್ತ ಇಳಿಯುತ್ತಿತ್ತು. ಹತ್ತಿದೆ. ಒಂದಿಷ್ಟು ದೂರ ಹೋಗುವವರೆಗೂ ಅಪ್ಪ ಕವೆಗೋಲಿನಿಂದ ಹುರುಳಿ ಎತ್ತುವ ಸದ್ದು ಕೇಳುತ್ತಿತ್ತು.

ಆ ವಾರ ಅಪ್ಪ ಊರ ಹಿಂದೆ ಗಿಡಗಂಟಿ ಬೆಳೆದು ಹಾಳುಬಿದ್ದಿದ್ದ ಕಣವನ್ನು ಒಬ್ಬನೇ ಹೆರೆದು, ಸಗಣಿ ಬಗ್ಗಡ ಸಾರಿಸಿ, ಅಲ್ಲೇ ಒಕ್ಕಣೆ ಮಾಡಿದ. ಮುಂದಿನ ವರ್ಷ ಇನ್ನೂ ಕೆಲವರು ಬಂದರು. ಎಲ್ಲರೂ ಬಂದರು ಅಂತ ಬರೆದರೆ ಸುಳ್ಳಾಗುತ್ತದೆ. “ಟೈಲರಮ್ಮಂಗೆ ರೋಡು ಬರ್ಕೊಟ್ಟವ್ರಾ?” ಅಂತ ಕೇಳುವವರು ಕೇಳುತ್ತಲೇ ಇದ್ದರು, ಹಾಸುವವರು ಹಾಸುತ್ತಲೇ ಇದ್ದರು. ಅಕ್ಕನ ಪೊರಕೆ ಕ್ಯಾರಿಯರಿನಿಂದ ಇಳಿಯಲಿಲ್ಲ.

ಕೆಲವು ವರ್ಷಗಳಲ್ಲಿ ನನಗೆ ಚೆಕ್ಕಿಂಗ್ ವಿಭಾಗಕ್ಕೆ ಬಡ್ತಿಯಾಯಿತು. ತಡವಾಗಿ ಹೋದರೂ ನಡೆಯುತ್ತಿತ್ತು, ಮಂಜು ಕರಗಿದ ಮೇಲೆ ಹೊರಡುತ್ತಿದ್ದೆ. ಜೊತೆಯ ಹುಡುಗಿಯರು ಮದುವೆಯಾಗಿ ಒಬ್ಬಳು ಹೊಳೆನರಸೀಪುರಕ್ಕೆ, ಒಬ್ಬಳು ಸಾಲಗಾಮೆಗೆ ಹೋದರು. ಅಕ್ಕ ಒಬ್ಬಳೇ ಮುಂಚೆ ಹೊರಡುತ್ತಿದ್ದಳು. “ಇಂದೆ ಯಾರೂ ಇಲ್ವಲ್ಲಕ್ಕ” ಅಂದರೆ, “ನನ್ ಇಂದೆ ಯಾರ್ ಬೇಕು ಓಗೇ” ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅದೇ ತಿರುವಿನಲ್ಲಿ, ಅಂಥದ್ದೇ ಮಂಜಿನಲ್ಲಿ, ಯಾರೋ ಬಿಟ್ಟುಹೋದ ಕಲ್ಲು ಎತ್ತಲು ಇಳಿದಳು. ಹಿಂದಿನಿಂದ ಬಂದದ್ದು ಯಾವ ಗಾಡಿಯೋ, ನಿಲ್ಲಲಿಲ್ಲ. ಹಾಲಿನ ಟೆಂಪೋದವನು ನೋಡಿ ಊರಿಗೆ ಫೋನ್ ಮಾಡಿದ. ನಾನು ಓಡಿಹೋದಾಗ ಅಕ್ಕನ ಸೈಕಲ್ಲು ಅಂಚಿನ ಕೆಳಗೆ ಸ್ಟ್ಯಾಂಡು ಹಾಕಿ ನಿಂತಿತ್ತು, ಒಂದು ಗೀರೂ ಇಲ್ಲದೆ. ಕ್ಯಾರಿಯರಿನಲ್ಲಿದ್ದ ಊಟದ ಡಬ್ಬಿ ಇನ್ನೂ ಬೆಚ್ಚಗಿತ್ತು. ಅವಳ ಕೈ ಹಿಡಿದುಕೊಂಡೆ. ಅದು ಬೆಚ್ಚಗಿರಲಿಲ್ಲ. ಅಂಗೈಯ ಚುಕ್ಕೆಗಳನ್ನು ಸವರುತ್ತ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು.

ಆ ವಾರ ರಸ್ತೆಗೆ ಒಕ್ಕಣೆ ಹಾಕಿದ್ದವರೆಲ್ಲ ಅಕ್ಕನ ಮಣ್ಣಿಗೆ ಬಂದಿದ್ದರು. ಆ ಕಲ್ಲು ಯಾರದು ಅಂತ ಯಾರೂ ಕೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ನಮ್ಮದಂತೂ ಆಗಿರಲಿಲ್ಲ, ನಮ್ಮ ಹುರುಳಿ ಕಣದಲ್ಲೇ ಇತ್ತು. ಆದರೆ ಅಪ್ಪ ಮನೆಗೆ ಬಂದು ಊಟ ಮುಟ್ಟಲಿಲ್ಲ. “ಈ ಸಲ ನಂದಲ್ಲ, ಅಷ್ಟೇಯ” ಅಂದ. ಮಾರನೆಯ ದಿನ ಪಕ್ಕದ ಮನೆಗೆ ಹೋಗಿ ಆ ಮೋಟು ಪೊರಕೆ ಕೇಳಿ ತಂದ.

ನಾನು ಮತ್ತೆ ಮುಂಜಾನೆಯ ಪಾಳಿಗೇ ಕೇಳಿ ಹಾಕಿಸಿಕೊಂಡೆ. ಊರಿನಿಂದ ಹೊಸದಾಗಿ ಸೇರಿದ ಹುಡುಗಿಯರಿದ್ದಾರೆ, ಅವರು ಮುಂದೆ. ಕೊಯ್ಲಿನ ದಿನಗಳಲ್ಲಿ, ಹುಣಸೆಮರ ಕಾಣುವ ಮೊದಲೇ ಡಾಂಬರಿನ ಮೇಲೆ ಪೊರಕೆ ಆಡುವ ಸದ್ದು ಕೇಳುತ್ತದೆ. ಅಕ್ಕ ರೇಡಿಯಂ ಪಟ್ಟಿ ಹೊಲಿದುಕೊಟ್ಟಿದ್ದ ನನ್ನ ಹಳೇ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಅಪ್ಪ ಬಗ್ಗಿರುತ್ತಾನೆ. ವಯಸ್ಸಾಗಿದೆ, ಬೇಡ ಅಂದರೆ ಕೇಳುವುದಿಲ್ಲ. ನಮ್ಮ ಸೈಕಲ್ಲುಗಳ ಸದ್ದಿಗೆ ಪಕ್ಕಕ್ಕೆ ಸರಿದು, “ಓಗ್ರವ್ವಾ, ತಿರುವೆಲ್ಲಾ ಗುಡ್ಸಿವ್ನಿ” ಅನ್ನುತ್ತಾನೆ.

ಮೊನ್ನೆ ಅಲ್ಲೇ ಹಿಂದಿನಿಂದ ಲಾರಿ ಹಾರ್ನು ಹೊಡೆಯಿತು. ಮುಂದಿನ ಹುಡುಗಿ ಬೆಚ್ಚಿ ತಿರುಗಿದಳು, ಹ್ಯಾಂಡಲ್ ಓಲಾಡಿತು. ನಾನು ಒಂದು ಮೊಳ ಬಲಕ್ಕೆ ಸರಿದು ಗಂಟಲು ಹರಿಯುವಂತೆ ಕೂಗಿದೆ:

“ಇಂದೆ ನೋಡ್ಬ್ಯಾಡ ಕಣೆ! ಇಂದ್ಲುದು ನಂದು!”